ಜಠರವಿಲ್ಲದ ಮೀನಿಗೆ ಎಂಥ ಊಟ? ಕೋಯಿ, ಗೋಲ್ಡ್‌ಫಿಶ್ ಮೇವಿನ ಟಿಪ್ಪಣಿ

ಕಾರವಾರದ ಕಡೆ ಹಿತ್ತಲಲ್ಲಿ ಸಿಮೆಂಟಿನ ಹೊಂಡ ಕಟ್ಟಿ ಕೋಯಿ (ಬಣ್ಣದ ಕಾರ್ಪ್ ಮೀನು) ಬಿಟ್ಟವರು ಮೊದಲು ಕೇಳುವುದು ಒಂದೇ: ಎಷ್ಟು ಪರ್ಸೆಂಟ್ ಪ್ರೋಟೀನ್ ಇರುವ ಮೇವು ತರಬೇಕು? ನಾನೂ ಅಲ್ಲಿಂದಲೇ ಶುರು ಮಾಡಿದ್ದೆ. ಈಗ ನೋಡಿದರೆ ಅದು ಎರಡನೇ ಪ್ರಶ್ನೆ. ಮೊದಲ ಪುಟದಲ್ಲಿ ಬರೆದುಕೊಳ್ಳಬೇಕಾದ್ದು ಇದು: ಕೋಯಿಗೂ ಗೋಲ್ಡ್‌ಫಿಶ್‌ಗೂ ಜಠರ ಇಲ್ಲ.

ಹೊರಗೆ ಕಾಣುವ ಹೊಟ್ಟೆ ಇದೆ, ದುಂಡಗೇ ಇದೆ. ಆದರೆ ಒಳಗೆ ಊಟ ಕೂಡಿಟ್ಟು ಆಮ್ಲದಲ್ಲಿ ನೆನೆಸುವ ಚೀಲ ಇಲ್ಲ. ಎರಡೂ ಕಾರ್ಪ್ ಜಾತಿಯವು, ಕಾಟ್ಲಾ, ರೋಹು ಮೀನುಗಳ ನೆಂಟರು. ದವಡೆಯಲ್ಲಿ ಹಲ್ಲಿಲ್ಲ. ಗಂಟಲೊಳಗೆ ಇರುವ ಹಲ್ಲಲ್ಲಿ ಅರೆದು ಸೀದಾ ಕರುಳಿಗೆ ಕಳಿಸುತ್ತವೆ. ಹಾಗಾಗಿ ಬೆಳಗ್ಗೆ ಒಂದೇ ಸಲ ಹಿಡಿ ತುಂಬ ಸುರಿದರೆ ಅರ್ಧ ಜೀರ್ಣವಾಗದೆ ಹಾಗೇ ಹೊರಗೆ ಬರುತ್ತದೆ. ದಿನದ ಮೇವನ್ನು ಎರಡು ಮೂರು ಸಲ ಮಾಡಿ, ಪ್ರತಿ ಸಲ ಐದು ನಿಮಿಷದಲ್ಲಿ ಮುಗಿಯುವಷ್ಟೇ ಹಾಕಬೇಕು. ಹೊಂಡದ ಹತ್ತಿರ ಹೋದಾಗಲೆಲ್ಲ ಬಾಯಿ ತೆರೆದುಕೊಂಡು ಬರುತ್ತವೆ, ಅದನ್ನು ಹಸಿವು ಅಂತ ನಂಬಬೇಡಿ.

ಆಮ್ಲ ಇಲ್ಲದ್ದಕ್ಕೆ ಇನ್ನೊಂದು ಪರಿಣಾಮವೂ ಇದೆ. ಪಠ್ಯದಲ್ಲಿ ಓದಿ ನನಗೆ ತುಂಬ ಖುಷಿ ಕೊಟ್ಟ ಸಂಗತಿ ಇದು. ಮೀನಿನ ಪುಡಿಯಲ್ಲಿ ಮೂಳೆಯಿಂದ ಬಂದ ರಂಜಕ (ಫಾಸ್ಫರಸ್) ಬೇಕಾದಷ್ಟಿದೆ. ಆದರೆ ಮೂಳೆ ಕರಗಲು ಆಮ್ಲ ಬೇಕಲ್ವಾ? ಕಾರ್ಪ್ ಮೀನು ಅದನ್ನು ಸರಿಯಾಗಿ ಹೀರಿಕೊಳ್ಳಲಾರದು. ರಂಜಕ ಕಡಿಮೆಯಾದ ಕಾರ್ಪ್ ಮರಿಗಳಿಗೆ ತಲೆಯ ಮೂಳೆ ಸೊಟ್ಟಗಾಗುವುದುಂಟು. ಅದಕ್ಕೇ ಒಳ್ಳೆಯ ಕಂಪನಿ ಮೇವಿನಲ್ಲಿ ಸುಲಭವಾಗಿ ಕರಗುವ ಫಾಸ್ಫೇಟ್ ಬೇರೆಯಾಗಿ ಸೇರಿಸಿರುತ್ತಾರೆ. ಪೊಟ್ಟಣದ ಹಿಂಬದಿ ಓದುವಾಗ ನಾನು ಪ್ರೋಟೀನ್ ನೋಡುವ ಮೊದಲು ಈ ಹೆಸರು ಹುಡುಕುತ್ತೇನೆ.

ಈಗ ಪ್ರೋಟೀನಿನ ಲೆಕ್ಕ. ಬೆಳೆಯುವ ಕೋಯಿ ಮರಿಗೆ 35ರಿಂದ 40 ಪರ್ಸೆಂಟ್, ದೊಡ್ಡವಕ್ಕೂ ಗೋಲ್ಡ್‌ಫಿಶ್‌ಗೂ 30ರ ಆಸುಪಾಸು ಸಾಕು. ಜಾಸ್ತಿ ಕೊಟ್ಟರೆ ನಷ್ಟವೇನು? ಲೆಕ್ಕ ಹಾಕಿ ನೋಡಿ. ತಲಾ 200 ಗ್ರಾಂನ 10 ಕೋಯಿ, ಒಟ್ಟು 2 ಕೆಜಿ. ದಿನಕ್ಕೆ ಮೈತೂಕದ 2 ಪರ್ಸೆಂಟ್ ಅಂದರೆ 40 ಗ್ರಾಂ ಮೇವು. 35 ಪರ್ಸೆಂಟಿನದಾದರೆ ಅದರಲ್ಲಿ 14 ಗ್ರಾಂ ಪ್ರೋಟೀನ್. ಪ್ರೋಟೀನಿನ ಶೇಕಡಾ 16 ಭಾಗ ಸಾರಜನಕ, ಅಂದರೆ ದಿನಕ್ಕೆ ಸುಮಾರು 2.2 ಗ್ರಾಂ. ಅದರ ಅರ್ಧಕ್ಕಿಂತ ಜಾಸ್ತಿ ನೀರಿಗೇ ಸೇರುತ್ತದೆ, ಮುಖ್ಯವಾಗಿ ಕಿವಿರಿನಿಂದ ಹೊರಬರುವ ಅಮೋನಿಯಾ ಆಗಿ. ಮೀನು ಬಳಸಿಕೊಳ್ಳದ ಪ್ರೋಟೀನಿಗೆ ನೀವು ಎರಡು ಸಲ ದುಡ್ಡು ಕೊಡುತ್ತೀರಿ. ಒಮ್ಮೆ ಅಂಗಡಿಯಲ್ಲಿ, ಇನ್ನೊಮ್ಮೆ ಫಿಲ್ಟರಿಗೆ.

ಮನೆಯಲ್ಲೇ ಮಾಡುವುದಾದರೆ ನಮ್ಮ ದೇಶದ ಹಳೆಯ ಕ್ರಮ ಶೇಂಗಾ ಹಿಂಡಿ ಮತ್ತು ತೌಡು, ಸಮ ಸಮ. ಹಿಂಡಿಯಲ್ಲಿ ಸುಮಾರು 42, ತೌಡಿನಲ್ಲಿ 12 ಎಂದಿಟ್ಟುಕೊಂಡರೆ ಸರಾಸರಿ 27. ಕೆರೆಯಲ್ಲಿ ಹುಳ, ಪಾಚಿ ಸಿಗುವ ಮೀನಿಗೆ ಅದು ಸಾಲುತ್ತದೆ. ಸಿಮೆಂಟಿನ ಹೊಂಡದಲ್ಲಿ ಸಾಲದು, ಯಾಕೆಂದರೆ ಶೇಂಗಾದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ (ಪ್ರೋಟೀನಿನ ಒಂದು ಅಂಶ) ಕಡಿಮೆ. ಅದನ್ನು ತುಂಬಲು ಒಣಮೀನಿನ ಪುಡಿ ಬೇಕು. ಹಿಂಡಿ 5 ಪಾಲು, ತೌಡು 4, ಮೀನಿನ ಪುಡಿ 1 ಹಾಕಿದರೆ 31 ಪರ್ಸೆಂಟಿನ ಹತ್ತಿರ ಬರುತ್ತದೆ. ಉಪ್ಪು ಹಾಕಿದ ಒಣಮೀನು ಬೇಡ, ಉಪ್ಪಿಲ್ಲದೆ ಒಣಗಿಸಿದ್ದನ್ನೇ ಕೇಳಿ ತನ್ನಿ. ಒಣ ಶೆಟ್ಲಿ (ಸಿಗಡಿ) ಸ್ವಲ್ಪ ಸೇರಿಸಿದರೆ ಕೆಂಪು ಬಣ್ಣಕ್ಕೆ ಒಳ್ಳೆಯದು. ಬಣ್ಣದ ಕೆರೊಟಿನಾಯ್ಡ್‌ಗಳನ್ನು ಮೀನು ತಾನೇ ತಯಾರಿಸಲಾರದು, ತಿಂದೇ ಪಡೆಯಬೇಕು. ಸ್ಪಿರುಲಿನಾ ಎಂಬ ಪಾಚಿಯ ಪುಡಿ ಹಾಕುವುದೂ ಇದಕ್ಕೇ. ಹಸಿ ಮೀನು, ಚಿಪ್ಪಿ ಹಾಕುವುದಾದರೆ ಬೇಯಿಸಿ ಹಾಕಿ. ಕೆಲವು ಹಸಿ ಮೀನು, ಚಿಪ್ಪಿಗಳಲ್ಲಿ ಬಿ1 ವಿಟಮಿನ್ ಒಡೆಯುವ ಕಿಣ್ವ ಇರುತ್ತದೆ. ಬೇಯಿಸಿದರೆ ಅದು ಸಾಯುತ್ತದೆ.

ಶಿರಸಿಯ ಭಾವ ಆಕಳಿಗೆಂದು ತೋಟದ ಬದಿಯಲ್ಲಿ ಅಜೋಲಾ ಎಂಬ ನೀರಲ್ಲಿ ತೇಲುವ ಸಣ್ಣ ಗಿಡ ಬೆಳೆಸುತ್ತಾನೆ. ಇದರಲ್ಲಿ 25 ಪರ್ಸೆಂಟ್ ಪ್ರೋಟೀನ್ ಇದೆ, ಪೆಲೆಟ್ (ಅಂಗಡಿಯ ಗುಳಿಗೆ ಮೇವು) ಯಾಕೆ ಬೇಕು ಎಂಬುದು ಅವನ ವಾದ. ಅಂಕಿ ಸುಳ್ಳಲ್ಲ, ಆದರೆ ಅದು ಒಣಗಿಸಿದ ಅಜೋಲಾದ್ದು. ಹಸಿಯಲ್ಲಿ 94 ಪಾಲಿನಷ್ಟು ನೀರೇ. 1 ಕೆಜಿ ಹಸಿ ಅಜೋಲಾದಲ್ಲಿ ಪ್ರೋಟೀನ್ 15 ಗ್ರಾಂ, ಅಂದರೆ ಒಂದು ಸಣ್ಣ ಹಿಡಿ ಪೆಲೆಟ್‌ನಷ್ಟು. ಎಷ್ಟೋ ಜನ ಎಡವುವುದು ಇಲ್ಲೇ: ಹಸಿ ತೂಕವೋ ಒಣ ತೂಕವೋ ನೋಡುವುದಿಲ್ಲ. ಸೊಪ್ಪಿನ ಲೆಕ್ಕದಲ್ಲಿ ಅಜೋಲಾ ಹಾಕಿ, ಊಟದ ಲೆಕ್ಕದಲ್ಲಿ ಬೇಡ. ಮಂಡಕ್ಕಿ, ಬ್ರೆಡ್ ಸುಮ್ನೆ ಹೊಟ್ಟೆ ಉಬ್ಬಿಸುತ್ತವೆ ಅಷ್ಟೇ.

ಚಳಿಗಾಲದಲ್ಲಿ ಹಾಕುವ ಗೋಧಿ ಭ್ರೂಣದ (ವೀಟ್ ಜರ್ಮ್) ಮೇವಿನ ಬಗ್ಗೆ ಹೊರದೇಶದ ಪುಸ್ತಕಗಳಲ್ಲಿ ಪುಟಗಟ್ಟಲೆ ಇದೆ. ನೀರು 10 ಡಿಗ್ರಿಗೆ ಇಳಿಯುವ ಊರಿನವರ ಚಿಂತೆ ಅದು. ಕರಾವಳಿಯವರು ಆ ಪುಟ ದಾಟಿಸಿ. ಘಟ್ಟದ ಮೇಲಿನವರು ಜನವರಿಯಲ್ಲಿ ಥರ್ಮಾಮೀಟರ್ ಇಳಿಸಿ ನೋಡಿ, ಬೆಳಗಿನ ಬದಲು ಮಧ್ಯಾಹ್ನ ಹಾಕಿದರಾಯಿತು.

ನಮ್ಮ ನಿಜವಾದ ಕಷ್ಟ ಮಳೆಗಾಲ. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಬೀಳುವ ಊರಿನಲ್ಲಿ ತೆರೆದಿಟ್ಟ ಮೇವು ಎಷ್ಟು ದಿನ ತಡೆದೀತು? ನಾನು ಒಮ್ಮೆ ಅಗ್ಗ ಅಂತ 5 ಕೆಜಿ ಚೀಲ ತಂದು ಅಡುಗೆಮನೆಯ ಮೂಲೆಯಲ್ಲಿಟ್ಟೆ. ಜುಲೈ ಹೊತ್ತಿಗೆ ಬೂಷ್ಟು. ಬಿಸಿಲಿಗೆ ಹಾಕಿದರೆ ಬೂಷ್ಟು ಕಾಣದಾಗುತ್ತದೆ, ಆದರೆ ಅದು ಬಿಟ್ಟುಹೋದ ಅಫ್ಲಾಟಾಕ್ಸಿನ್ ಎಂಬ ವಿಷ ಪೂರ್ತಿ ಹೋಗದೆ ಉಳಿದು ಮೀನಿನ ಯಕೃತ್ತಿಗೆ ಪೆಟ್ಟು ಕೊಡುತ್ತದೆ. ಶೇಂಗಾ ಹಿಂಡಿಗೆ ಈ ಭಯ ಇನ್ನೂ ಜಾಸ್ತಿ. ತೌಡಿನ ಕೊಬ್ಬೂ ಬೇಗ ಕೆಡುತ್ತದೆ, ಕಮಟು ವಾಸನೆ ಬಂದರೆ ಗೊಬ್ಬರದ ಗುಂಡಿಗೆ ಹಾಕಿ. ವಿಟಮಿನ್ ಸಿ ಯಾವ ವಾಸನೆಯೂ ಇಲ್ಲದೆ ಕರಗಿಹೋಗುತ್ತದೆ. ಪೊಟ್ಟಣದ ಮೇಲೆ ತಯಾರಾದ ತಿಂಗಳು ನೋಡುವುದು ಅದಕ್ಕೇ. ಹೋದ ವರ್ಷದ 40 ಪರ್ಸೆಂಟಿನದಕ್ಕಿಂತ ಹೋದ ತಿಂಗಳ 32 ಪರ್ಸೆಂಟಿನದು ನನಗೆ ಮೇಲು.

ಜೂನ್ 1ರಿಂದ ಜುಲೈ ಕೊನೆವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಒಣಮೀನನ್ನು ಮೇ ತಿಂಗಳಲ್ಲೇ ತಂದು, ಹುರಿದು ಪುಡಿ ಮಾಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿಗೆ ಸೇರಿಸುತ್ತೇನೆ. ಪೆಲೆಟ್ ಕಾಲು ಕೆಜಿಗಿಂತ ದೊಡ್ಡದು ತರುವುದಿಲ್ಲ. ಮೋಡ ಮುಸುಕಿ ಎರಡು ದಿನ ಬಿಸಿಲೇ ಬರದಿದ್ದರೆ ನೀರಿನ ಪಾಚಿ ಆಮ್ಲಜನಕ ಕೊಡುವುದು ತಗ್ಗುತ್ತದೆ. ಆ ದಿನ ಅರ್ಧ ಮೇವು, ಅದೂ ಹನ್ನೊಂದು ಗಂಟೆ ಮೇಲೆ.