ಅಂಡರ್‌ಟೇಕರ್ ಕಾಲದ ಅಭಿಮಾನಿಗೆ ಈಗ ಆಕಳಿಕೆ ಯಾಕೆ?

ಪ್ರಶ್ನೆ: ಶಾಲೆಗೆ ಹೋಗುವಾಗ ಡಬ್ಲ್ಯೂಡಬ್ಲ್ಯೂಇ ಕುಸ್ತಿಯಲ್ಲಿ ಅಂಡರ್‌ಟೇಕರ್ ಬಂದರೆ ಊಟ ಬಿಟ್ಟು ಟಿವಿ ಮುಂದೆ ಕೂರುತ್ತಿದ್ದೆ. ಈಗ ಹತ್ತು ನಿಮಿಷ ನೋಡಿದರೆ ಸಾಕಾಗುತ್ತೆ. ನನಗೆ ವಯಸ್ಸಾಯಿತೋ, ಡಬ್ಲ್ಯೂಡಬ್ಲ್ಯೂಇ ಕೆಟ್ಟಿತೋ?

ವಯಸ್ಸಿನದೂ ಸ್ವಲ್ಪ ಪಾಲಿದೆ. ಆದರೆ ನೀವು ಅಂದುಕೊಂಡಷ್ಟಿಲ್ಲ.

"ಅದೆಲ್ಲ ನಾಟಕ ಅಂತ ಗೊತ್ತಾಯ್ತು, ಅದಕ್ಕೇ ಬಿಟ್ಟೆ" ಅನ್ನುವವರಿದ್ದಾರೆ. ನಾನಂತೂ ಇದನ್ನು ನಂಬುವುದಿಲ್ಲ. ಇದು ಬರೀ ಮನರಂಜನೆ ಎಂದು ಕಂಪನಿಯೇ 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ಸೆನೆಟ್ ಮುಂದೆ ಒಪ್ಪಿಕೊಂಡಿತ್ತು. ಅದರ ಭರ್ಜರಿ ದಿನಗಳು ಬಂದದ್ದು ಆಮೇಲೆಯೇ. ಗದಾಯುದ್ಧ ಪ್ರಸಂಗದಲ್ಲಿ ಕೌರವನ ತೊಡೆ ಮುರಿಯುತ್ತೆ ಅಂತ ಗೊತ್ತಿದ್ದೂ ಬೆಳಗಿನ ತನಕ ಕೂರುತ್ತೇವೆ, ಅಲ್ವಾ? ಮನಸ್ಸು ಕೀಳುವುದು ಗೆಲುವು ಸೋಲಿಗೆ ಬೆಲೆ ಇಲ್ಲದಂತಾದಾಗ.

ಇದಕ್ಕೆ ಡಬ್ಲ್ಯೂಡಬ್ಲ್ಯೂಇಯ ಆಗಿನ ಎದುರಾಳಿ ಕುಸ್ತಿ ಕಂಪನಿ ಡಬ್ಲ್ಯೂಸಿಡಬ್ಲ್ಯೂಗಿಂತ ಒಳ್ಳೆ ಉದಾಹರಣೆ ಸಿಗದು. 1996ರಿಂದ 80ಕ್ಕೂ ಹೆಚ್ಚು ವಾರ ಅದರ ನೈಟ್ರೋ ಶೋ ಡಬ್ಲ್ಯೂಡಬ್ಲ್ಯೂಇಯ ರಾ ಶೋವನ್ನು ವಾರವಾರವೂ ಹಿಂದೆ ಹಾಕಿತ್ತು. ಆ ನಡುವೆಯೇ, 1997ರಲ್ಲಿ, ಗೋಲ್ಡ್‌ಬರ್ಗ್ ಎಂಬ ಕುಸ್ತಿಪಟು ಬಂದ. ಸೋಲೇ ಇಲ್ಲದ ಗೋಲ್ಡ್‌ಬರ್ಗ್‌ನನ್ನು 1998ರ ಡಿಸೆಂಬರ್ 27ರಂದು ಕೆವಿನ್ ನ್ಯಾಶ್ ಸೋಲಿಸಿದ, ಅದೂ ಬೇರೊಬ್ಬ ಬಂದು ಗೋಲ್ಡ್‌ಬರ್ಗ್‌ಗೆ ಕರೆಂಟ್ ಶಾಕ್ ಕೊಟ್ಟ ಮೇಲೆ. ಹೋಗಲಿ, ಇನ್ನು ಸೇಡಿನ ಕಥೆ ಇದೆಯಲ್ಲ ಅಂತ ಜನ ಕಾದರು. ಎಂಟೇ ದಿನಕ್ಕೆ ಅಟ್ಲಾಂಟಾದಲ್ಲಿ, ಗೋಲ್ಡ್‌ಬರ್ಗ್‌ನ ಸ್ವಂತ ನೆಲದಲ್ಲಿ, ಅವನ ಬದಲು ಹಲ್ಕ್ ಹೋಗನ್ ರಿಂಗಿಗೆ ಬಂದ. ಒಂದು ಬೆರಳಿನಿಂದ ನ್ಯಾಶ್‌ನ ಎದೆ ತಿವಿದ. ನ್ಯಾಶ್ ಬೇಕೆಂದೇ ದೊಪ್ಪನೆ ಬಿದ್ದ. ಚಾಂಪಿಯನ್ ಬೆಲ್ಟು ಹೋಗನ್‌ಗೆ!

ಅದೇ ರಾತ್ರಿ ಇನ್ನೊಂದು ಎಡವಟ್ಟು. ಎದುರಾಳಿ ಚಾನೆಲ್‌ನಲ್ಲಿ ಮಿಕ್ ಫೋಲಿ ಚಾಂಪಿಯನ್ ಆಗುತ್ತಾನೆ ಎಂದು ನೈಟ್ರೋದ ಕಾಮೆಂಟೇಟರ್ ಮೊದಲೇ ಹೇಳಿ ಗೇಲಿ ಮಾಡಿದ. ಜನ ಚಾನೆಲ್ ಬದಲಿಸಿ ಅದನ್ನೇ ನೋಡಿದರು. ಫಲಿತಾಂಶ ಗೊತ್ತಿದ್ದೇ ಹೋದರು, ನೆನಪಿಡಿ. ವರ್ಷಗಟ್ಟಲೆ ಪೆಟ್ಟು ತಿಂದ ಮನುಷ್ಯ ಗೆಲ್ಲುವುದನ್ನು ಕಣ್ಣಾರೆ ನೋಡಬೇಕಿತ್ತು ಅವರಿಗೆ. 2000ದಲ್ಲಿ ಡಬ್ಲ್ಯೂಸಿಡಬ್ಲ್ಯೂ ಸಿನಿಮಾ ನಟ ಡೇವಿಡ್ ಆರ್ಕೆಟ್‌ಗೂ ಬೆಲ್ಟು ಕೊಟ್ಟಿತು. 2001ರ ಮಾರ್ಚ್‌ನಲ್ಲಿ ಎದುರಾಳಿಯೇ ಅದನ್ನು ಕೊಂಡುಕೊಂಡ.

ಡಬ್ಲ್ಯೂಡಬ್ಲ್ಯೂಇ ಹಾಗೆ ಮುಳುಗಿಲ್ಲ. ಅದರ ವ್ಯಾಪಾರ ಚೆನ್ನಾಗೇ ಇದೆ. ನಿಮ್ಮ ಬೇಜಾರಿಗೆ ಅದೂ ಒಂದು ಕಾರಣ ಅನ್ನುತ್ತೇನೆ. ಪ್ರತಿಸ್ಪರ್ಧಿ ಹೋದ ಮೇಲೆ ಭಯ ಹೋಯಿತು. ಮುಖ್ಯ ಆದಾಯ ಟಿವಿ ಹಕ್ಕಿನಿಂದ ಬರತೊಡಗಿತು. ರಾ ಶೋ 2012ರಲ್ಲಿ ಮೂರು ಗಂಟೆಗೆ ಹಿಗ್ಗಿತು. ಗಂಟೆ ತುಂಬಿಸಬೇಕಲ್ಲ, ಅದೇ ಇಬ್ಬರು ತಿಂಗಳಲ್ಲಿ ಮೂರು ಸಲ ಹೊಡೆದಾಡುತ್ತಾರೆ. ಒಬ್ಬ ಇವತ್ತು ಗೆದ್ದ, ಮುಂದಿನ ವಾರ ಸೋತ. ಯಾರು ನೆನಪಿಡುತ್ತಾರೆ? ನೆಟ್‌ಫ್ಲಿಕ್ಸ್ ಹತ್ತು ವರ್ಷಕ್ಕೆ 500 ಕೋಟಿ ಡಾಲರ್‌ಗೂ ಜಾಸ್ತಿ ಒಪ್ಪಂದ ಮಾಡಿಕೊಂಡ ಮೇಲೆ ನೀವೊಬ್ಬರು ಆಕಳಿಸಿದರೆ ಅವರಿಗೇನು ನಷ್ಟ?

2014ರಲ್ಲಿ ಬ್ರಾಕ್ ಲೆಸ್ನರ್ ಅಂಡರ್‌ಟೇಕರ್‌ನ ರೆಸಲ್‌ಮೇನಿಯಾ (ವರ್ಷದ ದೊಡ್ಡ ಶೋ) ಗೆಲುವಿನ ಸರಣಿ ಮುರಿದಾಗ ಗ್ಯಾಲರಿಯಲ್ಲಿ ಜನ ಬಾಯಿ ಬಿಟ್ಟು ನಿಂತಿದ್ದರು. 21 ಗೆಲುವನ್ನು ಜೋಪಾನವಾಗಿ ಕೂಡಿಟ್ಟಿದ್ದಕ್ಕೇ ಆ ಪೆಟ್ಟು ಅಷ್ಟು ಜೋರಾಗಿ ತಗುಲಿದ್ದು.

ಪೂರ್ತಿ ಬಿಡುವ ಮುಂಚೆ ಒಂದು ಕೆಲಸ ಮಾಡಿ. ವಾರದ ಶೋಗಳನ್ನು ಸುಮ್ನೆ ಬಿಟ್ಟುಬಿಡಿ. ವರ್ಷಕ್ಕೊಮ್ಮೆ ರಾಯಲ್ ರಂಬಲ್ ನೋಡಿ. ಒಬ್ಬರ ಹಿಂದೆ ಒಬ್ಬರು 30 ಜನ ಬರುತ್ತಾರೆ, ಹಿಂದಿನ ಕಥೆ ಗೊತ್ತಿಲ್ಲದಿದ್ದರೂ ನಡೆಯುತ್ತೆ. ಅದೂ ರುಚಿಸದಿದ್ದರೆ ಟಿವಿ ಆರಿಸಿ ಮಲಗಿ, ಯಾರಿಗೂ ಲೆಕ್ಕ ಕೊಡಬೇಕಿಲ್ಲ.