ಹೆಲ್‌ಬಾಯ್‌ಗೆ ಮುಖ ಸಿಗಲು ಹಿಡಿದ ಕಾಲ

2003ರಲ್ಲಿ ಪ್ರಾಗ್‌ನಲ್ಲಿ, ಕಾಮಿಕ್ಸ್‌ನಿಂದ ಬಂದ ಕೆಂಪು ದೆವ್ವವೊಂದು ನಾಯಕನಾಗಿರುವ 'ಹೆಲ್‌ಬಾಯ್' ಸಿನಿಮಾದ ಶೂಟಿಂಗ್ ನಡೆಯುತ್ತಿತ್ತು. ನಟ ರಾನ್ ಪರ್ಲ್‌ಮನ್ ಕ್ಯಾಮೆರಾ ಮುಂದೆ ನಿಲ್ಲುವ ಮೊದಲು ಸುಮಾರು ನಾಲ್ಕು ಗಂಟೆ ಮೇಕಪ್ ಕುರ್ಚಿಯಲ್ಲಿ ಕೂರಬೇಕಿತ್ತು. ಹಣೆಯ ಮೇಲೆ ಉಜ್ಜಿ ಕಿರಿದು ಮಾಡಿದ ಕೊಂಬಿನ ಬುಡಗಳು. ಮೈಗೆಲ್ಲ ಕೆಂಪು ಬಣ್ಣ. ಬಲಗೈ ಇರಬೇಕಾದಲ್ಲಿ ಕಲ್ಲಿನಂಥ ದೊಡ್ಡ ಮುಷ್ಟಿ. ಆಗ ಅವರ ವಯಸ್ಸು ಐವತ್ತು ದಾಟಿತ್ತು.

ಆ ಕುರ್ಚಿಯಲ್ಲಿ ಪರ್ಲ್‌ಮನ್ ಅವರೇ ಕೂರಬೇಕು ಎಂದು ನಿರ್ದೇಶಕ ಗಿಯೆರ್ಮೊ ಡೆಲ್ ಟೊರೊ ವರ್ಷಗಟ್ಟಲೆ ಹಟ ಹಿಡಿದಿದ್ದರು. ಸ್ಟುಡಿಯೋಗಳು ಬೇಡ ಅಂದವು. ಅವರು ಕಾದರು. ಇಡೀ ಸಿನಿಮಾ ನಿಂತಿರುವುದೇ ಆ ಕಾಯುವಿಕೆಯ ಮೇಲೆ ಅಂತ ನನಗೆ ಅನ್ನಿಸುತ್ತದೆ. ಆದರೆ ದೆವ್ವವೊಂದು ನಾಯಕನಾಗುವುದಕ್ಕೆ ಅಡ್ಡಿ ಶುರುವಾಗಿದ್ದು ಹಾಲಿವುಡ್‌ನಲ್ಲಿ ಅಲ್ಲ. ಅದಕ್ಕೂ ಎಷ್ಟೋ ಮೊದಲು, ಕಾಮಿಕ್ಸ್ ಪುಟಗಳಲ್ಲೇ ಅದಕ್ಕೆ ಬಾಗಿಲು ಹಾಕಿದ್ದರು.

1950ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ಭಯಾನಕ ಕಥೆಗಳ ಕಾಮಿಕ್ಸ್ ಭರ್ಜರಿಯಾಗಿ ಮಾರಾಟವಾಗುತ್ತಿದ್ದವು. ಮಕ್ಕಳು ಇವನ್ನು ಓದಿ ಕೆಡುತ್ತಿದ್ದಾರೆ ಎಂದು ಮನೋವೈದ್ಯ ಫ್ರೆಡ್ರಿಕ್ ವರ್ಥಮ್ 1954ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅದೇ ವರ್ಷ ಸೆನೆಟ್‌ನ ಉಪಸಮಿತಿ ನ್ಯೂಯಾರ್ಕ್‌ನಲ್ಲಿ ವಿಚಾರಣೆ ನಡೆಸಿತು. ಸರ್ಕಾರ ಕೈ ಹಾಕುವ ಮೊದಲೇ ಪ್ರಕಾಶಕರು ತಮಗೆ ತಾವೇ ಒಂದು ಕಟ್ಟಳೆ ಹಾಕಿಕೊಂಡರು. ಅದೇ ಕಾಮಿಕ್ಸ್ ಕೋಡ್. ರಕ್ತಪಿಶಾಚಿ ಬೇಡ, ನರತೋಳ ಬೇಡ, ಎದ್ದು ಓಡಾಡುವ ಹೆಣ ಬೇಡ. ಕೋಡ್‌ನ ಮುದ್ರೆ ಇಲ್ಲದ ಪುಸ್ತಕವನ್ನು ಬಹುತೇಕ ಹಂಚಿಕೆದಾರರು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಹಾಗಾಗಿ ಇದು ಕಾನೂನಲ್ಲದಿದ್ದರೂ ಕಾನೂನಿನಷ್ಟೇ ಬಲವಾಗಿತ್ತು.

1971ರಲ್ಲಿ ಕೋಡ್ ಸ್ವಲ್ಪ ಸಡಿಲವಾಯಿತು. ಡ್ರಾಕುಲಾ, ಫ್ರಾಂಕೆನ್‌ಸ್ಟೈನ್‌ನಂಥ ಹಳೆಯ ಸಾಹಿತ್ಯದ ಜಾಡಿನಲ್ಲಿದ್ದರೆ ರಕ್ತಪಿಶಾಚಿಗಳೂ ನರತೋಳಗಳೂ ಬರಬಹುದು ಅಂದರು. ಬಾಗಿಲು ತೆರೆದದ್ದೇ ತಡ, 1972ರಲ್ಲಿ ತಲೆಬುರುಡೆಗೆ ಬೆಂಕಿ ಹೊತ್ತ ಘೋಸ್ಟ್ ರೈಡರ್ ಬಂದ. 1973ರಲ್ಲಿ ರಕ್ತಪಿಶಾಚಿಗಳನ್ನು ಬೇಟೆಯಾಡುವ ಬ್ಲೇಡ್ ಬಂದ. ಇಂದು ತೆರೆಯ ಮೇಲೆ ನಾವು ನೋಡುವ ಅತಿಮಾನುಷ ಸೂಪರ್‌ಹೀರೋಗಳಲ್ಲಿ ಎಷ್ಟೋ ಜನರಿಗೆ ಈ ಸಡಿಲಿಕೆಯೇ ಹುಟ್ಟಿದ ಗಳಿಗೆ. 1980ರ ದಶಕದಲ್ಲಿ ಕಾಮಿಕ್ಸ್‌ಗೆಂದೇ ಅಂಗಡಿಗಳು ಹೆಚ್ಚಾದವು. ಅಲ್ಲಿ ಮುದ್ರೆಯ ಹಂಗೇ ಇರಲಿಲ್ಲ. ಸಣ್ಣ ಪ್ರಕಾಶಕರಿಗೆ ಉಸಿರಾಡಲು ಜಾಗ ಸಿಕ್ಕಿತು. 1986ರಲ್ಲಿ ಶುರುವಾದ ಡಾರ್ಕ್ ಹಾರ್ಸ್ ಅಂಥದ್ದೊಂದು ಸಂಸ್ಥೆ.

ಮೈಕ್ ಮಿನ್ಯೋಲಾ ಆಗ ಮಾರ್ವೆಲ್ ಮತ್ತು ಡಿಸಿ ಕಂಪನಿಗಳಿಗೆ ಚಿತ್ರ ಬರೆಯುತ್ತಿದ್ದರು. ಬೇರೆಯವರ ಪಾತ್ರ, ಬೇರೆಯವರ ಕಥೆ. 1991ರಲ್ಲಿ ಒಂದು ಕಾಮಿಕ್ಸ್ ಸಮಾವೇಶದ ಪುಸ್ತಿಕೆಗಾಗಿ ಸುಮ್ನೆ ಒಂದು ರಾಕ್ಷಸನ ಚಿತ್ರ ಗೀಚಿದರು. ಅದರ ಬೆಲ್ಟಿನ ಮೇಲೆ 'ಹೆಲ್ ಬಾಯ್' ಎಂದು ಬರೆದರು. ಆ ಹೆಸರು ಅವರಿಗೇ ನಗು ತರಿಸಿತು. ನಗು ಹೋದರೂ ಹೆಸರು ತಲೆಯಿಂದ ಹೋಗಲಿಲ್ಲ. 1993ರಲ್ಲಿ ಪಾತ್ರ ಅಚ್ಚಾಯಿತು. 1994ರಲ್ಲಿ ಡಾರ್ಕ್ ಹಾರ್ಸ್‌ನಿಂದ ಮೊದಲ ಕಥಾಸರಣಿ ಬಂತು. ಮಾತುಗಳನ್ನು ಬರೆಯಲು ಧೈರ್ಯ ಸಾಲದೆ ಮಿನ್ಯೋಲಾ ಆ ಸರಣಿಗೆ ಕಾಮಿಕ್ಸ್ ಬರಹಗಾರ ಜಾನ್ ಬರ್ನ್ ಅವರ ನೆರವು ಪಡೆದಿದ್ದರು.

ಕಥೆ ಹೀಗಿದೆ. ಎರಡನೇ ಮಹಾಯುದ್ಧದ ಕೊನೆಯ ಹೊತ್ತು, 1944. ನಾಜಿಗಳಿಗಾಗಿ ರಷ್ಯಾದ ಮಾಂತ್ರಿಕ ರಾಸ್ಪುಟಿನ್ ನಡೆಸಿದ ಮಾಟದಿಂದ ನರಕದ ಒಂದು ಮರಿ ಈ ಲೋಕಕ್ಕೆ ಬಂದು ಬೀಳುತ್ತದೆ. ಲೋಕವನ್ನು ನಾಶ ಮಾಡಲೆಂದೇ ಕರೆತಂದ ಮರಿ ಅದು. ಅದನ್ನು ಒಬ್ಬ ಪ್ರೊಫೆಸರ್ ಮಗನಂತೆ ಸಾಕುತ್ತಾರೆ. ಅವನು ಬೆಳೆದು ದೆವ್ವ ಭೂತಗಳ ವಿರುದ್ಧ ಹೋರಾಡುವ ನೌಕರನಾಗುತ್ತಾನೆ. ನೌಕರ ಅಂದದ್ದು ಬೇಕೆಂದೇ. ಹೆಲ್‌ಬಾಯ್‌ಗೆ ತಾನು ಲೋಕ ಕಾಯುವವನು ಎಂಬ ಗತ್ತಿಲ್ಲ. ಕೆಲಸಕ್ಕೆ ಹೋಗುತ್ತಾನೆ, ಏಟು ತಿನ್ನುತ್ತಾನೆ, ಗೊಣಗುತ್ತಾ ವಾಪಸ್ ಬರುತ್ತಾನೆ. ಮಿನ್ಯೋಲಾ ಅವರ ತಂದೆ ಮರಗೆಲಸದವರು. ಯಂತ್ರಕ್ಕೆ ಕೈ ಕೊಯ್ದುಕೊಂಡು ಮನೆಗೆ ಬಂದರೂ ಅದೇನು ದೊಡ್ಡದಲ್ಲ ಎಂಬಂತೆ ಇರುತ್ತಿದ್ದರಂತೆ. ಹೆಲ್‌ಬಾಯ್‌ನ ಸ್ವಭಾವ ಬಂದಿದ್ದು ಅಲ್ಲಿಂದ. ದೆವ್ವದ ರೂಪದೊಳಗೆ ದುಡಿದು ದಣಿದ ಒಬ್ಬ ಮನುಷ್ಯ ಇದ್ದಾನೆ. ಓದುಗರು ಅವನನ್ನು ಇಷ್ಟಪಟ್ಟಿದ್ದೂ ಅದಕ್ಕೇ, ಅಲ್ವಾ?

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಮಾರ್ವೆಲ್, ಡಿಸಿಯ ಹೆಸರಾಂತ ಪಾತ್ರಗಳ ಹಕ್ಕು ಇರುವುದು ಕಂಪನಿಗಳ ಕೈಯಲ್ಲಿ. ಹೆಲ್‌ಬಾಯ್ ಮಾತ್ರ ಮಿನ್ಯೋಲಾ ಅವರದೇ ಆಸ್ತಿ. ಹಾಗಾಗಿ ಸಿನಿಮಾದವರು ಒಂದು ಕಂಪನಿಯ ಬಾಗಿಲು ತಟ್ಟಿದರೆ ಸಾಕಾಗುತ್ತಿರಲಿಲ್ಲ. ಪಾತ್ರವನ್ನು ಕಲ್ಪಿಸಿದ ಮನುಷ್ಯನ ಎದುರು ಕೂತು ಮಾತಾಡಬೇಕಿತ್ತು.

ಡೆಲ್ ಟೊರೊ ಹಾಗೆ ಕೂತು ಮಾತಾಡಿದರು. ಅವರು ಮೆಕ್ಸಿಕೋದವರು, ಚಿಕ್ಕಂದಿನಿಂದ ರಾಕ್ಷಸರನ್ನು ಪ್ರೀತಿಸಿದವರು, ಮಿನ್ಯೋಲಾ ಚಿತ್ರಗಳ ಕಟ್ಟಾ ಅಭಿಮಾನಿ. ಹೆಲ್‌ಬಾಯ್ ಯಾರಾಗಬೇಕು ಎಂಬ ಪ್ರಶ್ನೆ ಬಂದಾಗ ಇಬ್ಬರ ಬಾಯಿಂದಲೂ ಬಂದದ್ದು ಒಂದೇ ಹೆಸರು, ರಾನ್ ಪರ್ಲ್‌ಮನ್. ಇದಕ್ಕೆ ಕಾರಣ ಇತ್ತು. ಪರ್ಲ್‌ಮನ್ ಡೆಲ್ ಟೊರೊ ಅವರ ಮೊದಲ ಸಿನಿಮಾದಲ್ಲೇ ನಟಿಸಿದ್ದರು. 1987ರಲ್ಲಿ ಶುರುವಾದ ಒಂದು ಟಿವಿ ಧಾರಾವಾಹಿಯಲ್ಲಿ ಸಿಂಹಮುಖದ ಪ್ರೇಮಿಯಾಗಿ ಮುಖಕ್ಕೆಲ್ಲ ಮೇಕಪ್ ಹಚ್ಚಿಕೊಂಡೇ ಜನರ ಮನಸ್ಸು ಗೆದ್ದಿದ್ದರು. ದಪ್ಪ ಮೇಕಪ್ಪಿನ ಹಿಂದಿನಿಂದ ದುಃಖ, ನಾಚಿಕೆ, ತಮಾಷೆ ಎಲ್ಲವನ್ನೂ ದಾಟಿಸಬಲ್ಲ ನಟ ಅವರು. ಇದು ಎಲ್ಲರಿಗೂ ಒಲಿಯುವ ವಿದ್ಯೆ ಅಲ್ಲ.

ಆದರೆ ಸ್ಟುಡಿಯೋಗಳಿಗೆ ಬೇಕಿದ್ದುದು ಟಿಕೆಟ್ ಮಾರುವ ಹೆಸರು. 1990ರ ದಶಕದ ಕೊನೆಯಿಂದ ಮಾತುಕತೆ ನಡೆದೇ ಇತ್ತು. ದೊಡ್ಡ ತಾರೆಯನ್ನು ಹಾಕಿಕೊಳ್ಳಿ ಎಂಬ ಒತ್ತಾಯ ಬಂತು. ಅವನು ಮಾಮೂಲಿ ಮನುಷ್ಯನಾಗಿರಲಿ, ಸಿಟ್ಟು ಬಂದಾಗ ಮಾತ್ರ ಕೆಂಪು ರಾಕ್ಷಸನಾಗಲಿ ಎಂಬಂಥ ಸಲಹೆಗಳೂ ಬಂದವು ಎಂದು ಡೆಲ್ ಟೊರೊ ಮುಂದೆ ಹೇಳಿಕೊಂಡಿದ್ದಾರೆ. ಇದನ್ನು ಒಪ್ಪಿದ್ದರೆ ಕಥೆಯ ಪ್ರಾಣವೇ ಹೋಗುತ್ತಿತ್ತು. ಬೇಕಾದಾಗ ಮನುಷ್ಯನ ಮುಖಕ್ಕೆ ಮರಳುವ ಅನುಕೂಲ ಹೆಲ್‌ಬಾಯ್‌ಗೆ ಇಲ್ಲ. ಅದೇ ಅವನ ನೋವು. ಪ್ರತಿ ಬೆಳಿಗ್ಗೆ ಕೊಂಬು ಉಜ್ಜಿಕೊಂಡು ನಮ್ಮಂತೆ ಕಾಣಲು ಹೆಣಗುವವನು ಅವನು.

ಗಾಳಿ ತಿರುಗಿದ್ದು 2002ರಲ್ಲಿ. ಅದಕ್ಕೂ ಮೊದಲು, 1998ರಲ್ಲಿ ಬಂದ 'ಬ್ಲೇಡ್', ರಕ್ತಪಿಶಾಚಿ ಕಥೆಯ ಸೂಪರ್‌ಹೀರೋ ಸಿನಿಮಾ ಓಡುತ್ತದೆ ಎಂದು ತೋರಿಸಿತ್ತು. ಅದರ ಎರಡನೇ ಭಾಗವನ್ನು ಡೆಲ್ ಟೊರೊ ಪ್ರಾಗ್‌ನಲ್ಲೇ ತೆಗೆದರು. ಪರ್ಲ್‌ಮನ್‌ಗೆ ಅದರಲ್ಲೊಂದು ಪಾತ್ರ ಕೊಟ್ಟರು. ಮಿನ್ಯೋಲಾ ಅವರನ್ನು ಚಿತ್ರ ವಿನ್ಯಾಸಕ್ಕೆ ಕರೆದುಕೊಂಡರು. ಅಂದರೆ ಮುಂದಿನ ಸಿನಿಮಾದ ಮೂವರೂ ಇಲ್ಲಿ ಒಟ್ಟಿಗೆ ದುಡಿದರು. 5.4 ಕೋಟಿ ಡಾಲರ್‌ನಲ್ಲಿ ತಯಾರಾದ ಆ ಸಿನಿಮಾ ಜಗತ್ತಿನಾದ್ಯಂತ 15 ಕೋಟಿಗೂ ಜಾಸ್ತಿ ಗಳಿಸಿತು. ಅದೇ ವರ್ಷ 'ಸ್ಪೈಡರ್‌ಮ್ಯಾನ್' ಮೊದಲ ವಾರಾಂತ್ಯದಲ್ಲೇ ಅಮೆರಿಕದಲ್ಲಿ 11 ಕೋಟಿ ಡಾಲರ್ ದಾಟಿತು. ಕಾಮಿಕ್ಸ್ ಎಂದರೆ ಮುಖ ತಿರುಗಿಸುತ್ತಿದ್ದವರೂ ಈಗ ತಿರುಗಿ ನೋಡಿದರು. ರೆವಲ್ಯೂಷನ್ ಸ್ಟುಡಿಯೋಸ್ ಪರ್ಲ್‌ಮನ್ ಹೆಸರನ್ನೂ ಒಪ್ಪಿ ಹಣ ಹಾಕಿತು. ಬಜೆಟ್ 6.6 ಕೋಟಿ ಡಾಲರ್. ಇಷ್ಟು ರಾಕ್ಷಸರಿರುವ ಸಿನಿಮಾಕ್ಕೆ ಇದು ದೊಡ್ಡ ಮೊತ್ತವೇನಲ್ಲ.

ಮೇಕಪ್ಪಿನ ವಿಚಾರಕ್ಕೆ ಬಂದರೆ ನನಗೆ ಮಾತು ನಿಲ್ಲಿಸಲು ಮನಸ್ಸಾಗುವುದಿಲ್ಲ. ಹೆಲ್‌ಬಾಯ್ ಮುಖದ ವಿನ್ಯಾಸ ಮೇಕಪ್ ಕಲಾವಿದ ರಿಕ್ ಬೇಕರ್ ಅವರ ಕಾರ್ಯಾಗಾರದ್ದು. ಅದನ್ನು ತೊಡಿಸುವ ರೂಪಕ್ಕೆ ತಂದದ್ದು ಮೈಕ್ ಎಲಿಜಾಲ್ಡೆ ಅವರ ಮೇಕಪ್ ಸಂಸ್ಥೆ ಸ್ಪೆಕ್ಟ್ರಲ್ ಮೋಷನ್. ಪರ್ಲ್‌ಮನ್ ಅವರದು ಮೊದಲೇ ಅಗಲ ದವಡೆ, ಎದ್ದು ಕಾಣುವ ಕೆನ್ನೆಯ ಮೂಳೆ. ಆ ಮುಖವನ್ನು ಮುಚ್ಚಿಹಾಕದೆ ಅದರ ಮೇಲೆಯೇ ಬೆಳೆಸಿದರು. ಹಾಗಾಗಿ ಹುಬ್ಬು ಸ್ವಲ್ಪ ಎತ್ತಿದರೂ ತೆರೆಯ ಮೇಲೆ ಕಾಣುತ್ತದೆ. ಗ್ರಾಫಿಕ್ಸ್ ಬಳಸಲಿಲ್ಲ ಅಂತಲ್ಲ. ಸಮ್ಮೇಲ್ ಎಂಬ ರಾಕ್ಷಸನಾಗಿ ಬ್ರಯನ್ ಸ್ಟೀಲ್ ದಿರಿಸು ತೊಟ್ಟು ನಟಿಸಿದರು. ಮನುಷ್ಯನ ಮೈ ಮಾಡಲಾಗದ ನೆಗೆತಗಳನ್ನು ಟಿಪ್ಪೆಟ್ ಸ್ಟುಡಿಯೋ ಕಂಪ್ಯೂಟರ್‌ನಲ್ಲಿ ಮಾಡಿತು. ಆದರೆ ಎದುರಿಗಿರುವ ನಟನಿಗೆ ಮುಟ್ಟಲು, ಹೆದರಲು, ಕಣ್ಣಲ್ಲಿ ಕಣ್ಣಿಡಲು ನಿಜವಾಗಿಯೂ ಒಂದು ಜೀವ ಅಲ್ಲಿ ನಿಂತಿರುತ್ತಿತ್ತು.

ಹೆಲ್‌ಬಾಯ್ ಜೊತೆ ಕೆಲಸ ಮಾಡುವ ಮೀನು ಮನುಷ್ಯ ಏಬ್ ಸೇಪಿಯನ್ ಪಾತ್ರದ್ದು ಇನ್ನೂ ಚೆಂದದ ಕಥೆ. ಮೈಯೆಲ್ಲ ನೀಲಿ ಚರ್ಮ ತೊಟ್ಟು ನಟಿಸಿದವರು ಡಗ್ ಜೋನ್ಸ್. ದನಿ ಕೊಟ್ಟವರು ಡೇವಿಡ್ ಹೈಡ್ ಪಿಯರ್ಸ್. ಆದರೆ ಸಿನಿಮಾದಲ್ಲಿ ಪಿಯರ್ಸ್ ಹೆಸರು ಕಾಣುವುದಿಲ್ಲ. ಪಾತ್ರ ಜೋನ್ಸ್ ಅವರದು ಎಂದು ಹೇಳಿ ಅವರು ಹೆಸರು ಹಾಕಿಸಿಕೊಳ್ಳಲೇ ಒಪ್ಪಲಿಲ್ಲ. ಎರಡನೇ ಸಿನಿಮಾದಲ್ಲಿ ಏಬ್‌ಗೆ ದನಿಯೂ ಜೋನ್ಸ್ ಅವರದೇ ಆಯಿತು.

ಪುಟದಿಂದ ತೆರೆಗೆ ಬರುವಾಗ ಕಥೆ ಬದಲಾಗಲೇ ಇಲ್ಲ ಎಂದಲ್ಲ. ಕಾಮಿಕ್ಸ್‌ನಲ್ಲಿ 1952ರಲ್ಲೇ ವಿಶ್ವಸಂಸ್ಥೆ ಹೆಲ್‌ಬಾಯ್‌ಗೆ ಗೌರವ ಮನುಷ್ಯನ ಸ್ಥಾನ ಕೊಡುತ್ತದೆ, ಅವನು ಎಲ್ಲರ ಕಣ್ಣೆದುರೇ ಓಡಾಡುತ್ತಾನೆ. ಸಿನಿಮಾದಲ್ಲಿ ಸರ್ಕಾರ ಅವನನ್ನು ಬಚ್ಚಿಡುತ್ತದೆ. ಕಾಮಿಕ್ಸ್‌ನಲ್ಲಿ ಬೆಂಕಿ ಹೊತ್ತಿಸಬಲ್ಲ ಲಿಜ್ ಅವನಿಗೆ ತಂಗಿಯ ಹಾಗೆ. ಸಿನಿಮಾದಲ್ಲಿ ಅವಳೇ ಅವನ ಪ್ರೀತಿ. ಮಿನ್ಯೋಲಾಗೆ ಇದು ತಮ್ಮ ಹೆಲ್‌ಬಾಯ್ ಅಲ್ಲ, ಡೆಲ್ ಟೊರೊ ಅವರ ಹೆಲ್‌ಬಾಯ್ ಎಂಬುದು ಗೊತ್ತಿತ್ತು. ಆದರೂ ಜೊತೆಗೆ ನಿಂತರು. ನನ್ನ ಮಟ್ಟಿಗೆ ಪ್ರೀತಿಯ ಎಳೆ ಸೇರಿದ್ದು ಒಳ್ಳೆಯದೇ ಆಯಿತು. ಒಬ್ಬಳನ್ನು ಮೆಚ್ಚಿಸಬೇಕಾದಾಗಲೇ ತನ್ನ ಮುಖದ ಭಾರ ಅವನಿಗೆ ಜಾಸ್ತಿ ತಿಳಿಯುವುದು.

2004ರ ಏಪ್ರಿಲ್ 2ರಂದು ಸಿನಿಮಾ ಬಿಡುಗಡೆಯಾಯಿತು. ಮೊದಲ ವಾರಾಂತ್ಯ ಅಮೆರಿಕದಲ್ಲಿ ಅದೇ ಮೊದಲ ಸ್ಥಾನ. ಆದರೆ ಒಟ್ಟು ಗಳಿಕೆ 10 ಕೋಟಿ ಡಾಲರ್ ಹತ್ತಿರಕ್ಕೆ ಬಂದು ನಿಂತಿತು. ಎರಡನೇ ಭಾಗ 2008ರಲ್ಲಿ, ಈ ಸಲ ಯುನಿವರ್ಸಲ್‌ನಿಂದ ಬಂತು. ಅದಾಗಿ ಒಂದೇ ವಾರಕ್ಕೆ ಬ್ಯಾಟ್‌ಮ್ಯಾನ್ ಸಿನಿಮಾ 'ಡಾರ್ಕ್ ನೈಟ್' ಬಿಡುಗಡೆಯಾಗಿ ಜನರನ್ನೆಲ್ಲ ಸೆಳೆದುಕೊಂಡಿತು. ಮೂರನೆಯದಕ್ಕಾಗಿ ಪರ್ಲ್‌ಮನ್ ವರ್ಷಗಟ್ಟಲೆ ಓಡಾಡಿದರು. ಅದು ಆಗುವುದಿಲ್ಲ ಎಂದು ಡೆಲ್ ಟೊರೊ 2017ರಲ್ಲಿ ತಿಳಿಸಿದರು. 2019ರಲ್ಲಿ ಡೇವಿಡ್ ಹಾರ್ಬರ್, 2024ರಲ್ಲಿ ಜ್ಯಾಕ್ ಕೆಸಿ ಅದೇ ಕೊಂಬು ತೊಟ್ಟರು. ಎರಡೂ ನಿಲ್ಲಲಿಲ್ಲ.

2012ರಲ್ಲಿ ಕಾಯಿಲೆಯಲ್ಲಿದ್ದ ಒಬ್ಬ ಪುಟ್ಟ ಹುಡುಗ ಹೆಲ್‌ಬಾಯ್‌ನನ್ನು ನೋಡಬೇಕು, ತಾನೂ ಹೆಲ್‌ಬಾಯ್ ಆಗಬೇಕು ಎಂದು ಆಸೆಪಟ್ಟಿದ್ದ. ಪರ್ಲ್‌ಮನ್‌ಗೆ ಆಗ ಅರವತ್ತು ದಾಟಿತ್ತು. ಯಾವ ಶೂಟಿಂಗೂ ಇರಲಿಲ್ಲ. ಅವರು ಸ್ಪೆಕ್ಟ್ರಲ್ ಮೋಷನ್‌ಗೆ ಹೋಗಿ ಮತ್ತೆ ಆ ಕುರ್ಚಿಯಲ್ಲಿ ಗಂಟೆಗಟ್ಟಲೆ ಕೂತು ಪೂರ್ತಿ ಮೇಕಪ್ ಮಾಡಿಸಿಕೊಂಡರು. ಆಮೇಲೆ ಹುಡುಗನಿಗೂ ಕೆಂಪು ಬಣ್ಣ ಹಚ್ಚಿ, ಹಣೆಗೆ ಪುಟ್ಟ ಕೊಂಬಿನ ಬುಡಗಳನ್ನು ಅಂಟಿಸಿದರು.