ಸಿಮೆಂಟ್ ಹಾಕಿ ನಿಲ್ಸೋಕೆ ಏನ್ ಕಷ್ಟ ಅಂತ ಕೇಳೋರಿಗೆ

ಹಳೇ ಶಿಲ್ಪ ಕಾಪಾಡೋ ಕೆಲಸ ನಂದು. ಕಲಬುರಗಿ ಜಿಲ್ಲೆಯ ಸನ್ನತಿಗೆ ಹೋಗಿಬಂದೋರು ನನ್ನ ಹತ್ರ ಕೇಳೋದು ಇದೇ, ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪದ ಕಲ್ಲುಗಳು ಅಷ್ಟು ವರ್ಷ ನೆಲದ ಮೇಲೆ ಯಾಕೆ ಬಿದ್ದಿದ್ವು, ಸಿಮೆಂಟ್ ಹಾಕಿ ಎತ್ತಿ ನಿಲ್ಸೋಕೆ ಎಷ್ಟು ದಿನ ಬೇಕು ಅಂತ. ಆ ಸಂಕಟ ನನಗೂ ಇದೆ. ಭೀಮಾ ದಂಡೆಯ ಆ ಜಾಗದ ತೂಕ ಅಂಥದ್ದು. 1986ರಲ್ಲಿ ಸನ್ನತಿಯ ಕಾಳಿ ಗುಡಿ ಮಾಳಿಗೆ ಕುಸಿದು ಮೂರ್ತಿ ಒಡೆದಾಗ ಅದರ ಪೀಠದ ಕಲ್ಲಲ್ಲೇ ಅಶೋಕನ ಶಾಸನ ಸಿಕ್ತು, ಯಾವಾಗಲೋ ಯಾರೋ ಮೂರ್ತಿ ಕೂರ್ಸೋಕೆ ಅಂತ ಅಕ್ಷರಗಳ ನಡುವೆನೇ ತೂತು ಕೊರೆದಿದ್ರು. ಆಮೇಲೆ 90ರ ದಶಕದಲ್ಲಿ ಎಎಸ್‌ಐನವರು (ಕೇಂದ್ರದ ಪುರಾತತ್ವ ಇಲಾಖೆ) ಹತ್ತಿರದ ಕನಗನಹಳ್ಳಿಲಿ ಅಗೆದಾಗ ಇಡೀ ಮಹಾಸ್ತೂಪನೇ ಹೊರಗೆ ಬಂತು. ಶಾಸನದಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. ಒಂದು ಕಲ್ಲಲ್ಲಿ ರಾಜ, ರಾಣಿ, ಚಾಮರ ಹಿಡಿದೋರು, ಪಕ್ಕದಲ್ಲೇ ಹಳೇ ಬ್ರಾಹ್ಮೀ ಲಿಪೀಲಿ "ರಾಯೊ ಅಸೋಕೊ", ಅಂದ್ರೆ ರಾಜ ಅಶೋಕ.

ಈಗ ಸಿಮೆಂಟ್ ವಿಷಯ. ಅಲ್ಲಿನ ಕಲ್ಲು ಸುಣ್ಣದಕಲ್ಲು, ಕಲಬುರಗಿ ಕಡೆ ಮನೆಗೆ ಹಾಸೋ ಫರಸಿ ಇದೆಯಲ್ಲ ಅದೇ ಜಾತಿದು, ಪದರ ಪದರ ಇರುತ್ತೆ. ಹಳೇ ಮನೆ ಗೋಡೆ ಬುಡದಲ್ಲಿ ಬಣ್ಣ ಉಬ್ಬಿ ಬಿಳಿ ಪುಡಿ ಉದುರೋದು ಎಲ್ಲರೂ ನೋಡಿರ್ತೀರಿ, ಕಲ್ಲಿಗೂ ಅದೇ ಕಾಯಿಲೆ. ನೆಲದ ತೇವ ಮೇಲೆ ಏರುವಾಗ ಉಪ್ಪನ್ನೂ ಹೊತ್ಕೊಂಡು ಬರುತ್ತೆ, ಬಿಸಿಲಿಗೆ ನೀರು ಆರುತ್ತೆ, ಉಪ್ಪು ಕಲ್ಲೊಳಗೇ ಹರಳುಗಟ್ಟಿ ಪದರವನ್ನ ಒಳಗಿಂದ ಹೊರಗೆ ತಳ್ಳುತ್ತೆ. ಸಿಮೆಂಟ್ ಹಾಕಿದ್ರೆ ಎರಡು ತೊಂದ್ರೆ ಒಟ್ಟಿಗೆ, ಒಂದು ಅದರೊಳಗೇ ಉಪ್ಪಿದೆ, ಇನ್ನೊಂದು ಅದು ತುಂಬಾ ಗಟ್ಟಿ, ತೇವ ಹೊರಗೆ ಹೋಗೋಕೆ ಬಿಡಲ್ಲ, ಹಂಗಾಗಿ ಪಾಪ ಕೆತ್ತನೆ ಮುಖದಿಂದಲೇ ತೇವ ಆರಬೇಕು. ಆಂಧ್ರದ ಅಮರಾವತಿ ಸ್ತೂಪದ ಶಿಲ್ಪಗಳನ್ನ 19ನೇ ಶತಮಾನದಲ್ಲಿ ಮದ್ರಾಸ್ ಮ್ಯೂಸಿಯಂ ಗೋಡೆಗೆ ಸಿಮೆಂಟಲ್ಲಿ ಕೂರ್ಸಿ ಆಮೇಲೆ ಪಟ್ಟ ಪಾಡು ನಮ್ಮ ಕೆಲಸದೋರಿಗೆಲ್ಲ ಪಾಠ. ನಾನೇ ಒಂದು ಕಡೆ ಹಳೇ ಸಿಮೆಂಟ್ ಬಿಡಿಸುವಾಗ ಅದರ ಜೊತೆ ಒಂದು ಹಂಸದ ಕುತ್ತಿಗೆನೂ ಚಕ್ಕೆಯಾಗಿ ಕೈಗೆ ಬಂತು, ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ.

ಉಪ್ಪು ತೆಗೆಯೋದು ಹೇಗೆ ಅಂದ್ರೆ, ಪೇಪರನ್ನ ಡಿಸ್ಟಿಲ್ಡ್ ವಾಟರಲ್ಲಿ ನೆನೆಸಿ ಇಡ್ಲಿ ಹಿಟ್ಟಿನ ಹದಕ್ಕೆ ಮಾಡ್ಕೊಂಡು, ಕಲ್ಲಿನ ಮೇಲೆ ಮೊದಲು ತೆಳ್ಳನೆ ಟಿಶ್ಯೂ ಹಾಸಿ ಅದರ ಮೇಲೆ ಬೆರಳು ದಪ್ಪ ಮೆತ್ತೋದು. ಅದು ಆರ್ತಾ ಆರ್ತಾ ಕಲ್ಲೊಳಗಿನ ಉಪ್ಪನ್ನ ತನ್ನ ಕಡೆ ಎಳ್ಕೊಳುತ್ತೆ. ಬಿಡಿಸಿದ ಪೇಪರ್ ತುಂಡನ್ನ ಮತ್ತೆ ನೀರಲ್ಲಿ ಹಾಕಿ ಮೀಟರ್ ಇಟ್ಟು ಉಪ್ಪು ಎಷ್ಟಿದೆ ನೋಡ್ತೀವಿ, ರೀಡಿಂಗ್ ಇಳಿಯೋವರೆಗೂ ಮತ್ತೆ ಮೆತ್ತೋದು ಮತ್ತೆ ಕಾಯೋದು. ಒಂದೇ ಕಲ್ಲಿಗೆ ವಾರಗಟ್ಟಲೆ ಹೋಗುತ್ತೆ. ಕಲ್ಲು ಒಡೆದಿದ್ರೆ ಯಾವ ಚೂರು ಯಾವುದಕ್ಕೆ ಅಂತ ಒಡೆದ ಅಂಚು, ಕೆತ್ತನೆಯ ಗೆರೆ, ಅಕ್ಷರ ಎಲ್ಲ ಜೋಡಿಸಿ ನೋಡಬೇಕು. ಇಷ್ಟೆಲ್ಲ ಆದ್ಮೇಲೆ ಎತ್ತಿ ನಿಲ್ಸೋ ಮಾತು, ಅದೂ ಸುಣ್ಣದ ಗಾರೆಲಿ.

ಇನ್ನು ದಯವಿಟ್ಟು ಯಾರೂ ಇಂಥ ಕಲ್ಲನ್ನ ಆಸಿಡ್ ಅಥವಾ ನಿಂಬೆಹುಳಿ ಹಾಕಿ ತೊಳೀಬೇಡಿ, ನೊರೆ ಬಂದ್ರೆ ಕೊಳೆ ಹೋಗ್ತಿದೆ ಅಂದ್ಕೋತಾರೆ, ಕರಗ್ತಿರೋದು ಕಲ್ಲೇ. ಅಕ್ಷರ ಫೋಟೋದಲ್ಲಿ ಚೆನ್ನಾಗಿ ಬರಲಿ ಅಂತ ಬಾಟಲಿ ನೀರು ಸುರಿಯೋದೂ ಬೇಡ, ಒಳಗಿನ ಉಪ್ಪು ಮತ್ತೆ ಎದ್ದು ಬರುತ್ತೆ. ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ. ಆಗ ಬಿಸಿಲು ಓರೆಯಾಗಿ ಬೀಳುತ್ತೆ, ಮಧ್ಯಾಹ್ನ ಕಣ್ಣಿಗೇ ಕಾಣದ ಗೆರೆಯೆಲ್ಲ ನೆರಳು ಹಿಡಿದು ಮೇಲೆ ಬರುತ್ತೆ, ಕಲ್ಲು ಮುಟ್ಟದೇನೇ ಓದ್ಕೋಬಹುದು.